ಕನ್ನಡದಲ್ಲಿದ್ದರೆ ಸಾಕೆ? ಸರಿಯಾಗಿರುವುದು ಬೇಡವೆ?



ಈ ಸಲ ಬೇರೆಯವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳುತ್ತೇನೆ. ದಿನಕ್ಕೆ ಹತ್ತು ಕಿಲೋ ಉಪ್ಪು ತಿನ್ನಬೇಕು ಎಂಬ ಅರ್ಥ ಬರುವ ಪುಸ್ತಕವೊಂದನ್ನು ನನ್ನ ಪ್ರೆಸ್ಸಿನಲ್ಲಿ ಅಚ್ಚು ಹಾಕಿ, ಬೈಂಡಿಂಗ್ ಮಾಡಿ, ಬಿಲ್ಲು ಬರೆದು ಕೊಟ್ಟಿದ್ದೇನೆ. ಪುಸ್ತಕ ಅಪ್ಪಟ ಕನ್ನಡದ್ದು. ಪದವಿಯ ಮಕ್ಕಳಿಗೆ ಪೋಷಣೆಯ ಶಾಸ್ತ್ರವನ್ನು ಮೊದಲಿನಿಂದ ಕಲಿಸುವ ಪುಸ್ತಕ. ಮುಖಪುಟದಲ್ಲಿ ಹಣ್ಣು ತರಕಾರಿ ತುಂಬಿದ ಬುಟ್ಟಿಯ ಬಣ್ಣದ ಚಿತ್ರ. ಒಳಗೆ ಹತ್ತು ಕಿಲೋ ಉಪ್ಪು!

ಕಥೆ ಕೇಳಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ತರಗತಿಗಳಿಗೆ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದಲ್ಲದ ಒಂದು ವಿಷಯವನ್ನು 'ಓಪನ್ ಎಲೆಕ್ಟಿವ್' ಎಂದು ಆರಿಸಿಕೊಳ್ಳಬೇಕಾಯಿತು. ಆಹಾರ, ಪೋಷಣೆಯ ವಿಷಯಗಳೂ ಆ ಪಟ್ಟಿಗೆ ಸೇರಿದವು. ನಿನ್ನೆಯವರೆಗೆ ಜಮಾ-ಖರ್ಚು ಓದುತ್ತಿದ್ದ ಬಿ.ಕಾಂ. ಹುಡುಗ ಇವತ್ತು ಜೀವಸತ್ವದ ಪಟ್ಟಿ ಬಾಯಿಪಾಠ ಮಾಡುವ ಕಾಲ ಬಂತು. ಪುಸ್ತಕ ಎಲ್ಲಿ? ಇರಲಿಲ್ಲ. ಇದ್ದದ್ದು ಇಂಗ್ಲಿಷಿನಲ್ಲಿ. ಆಗ ಮಳೆ ಬಿದ್ದ ಮೇಲೆ ಅಣಬೆ ಏಳುವಂತೆ ಗೈಡುಗಳು ಎದ್ದವು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಬದಲಾಯಿತು, ಪುಸ್ತಕಗಳು ಮಾತ್ರ ಲೈಬ್ರರಿಯ ಕಪಾಟಿನಲ್ಲಿ, ಹಳೆ ಪುಸ್ತಕದ ಅಂಗಡಿಯಲ್ಲಿ, ಜೆರಾಕ್ಸ್ ಪ್ರತಿಗಳಲ್ಲಿ ಹಾಗೆಯೇ ಉಳಿದವು.

ಅಂಥ ಒಂದು ಗೈಡು ನನ್ನ ಟೇಬಲಿಗೂ ಬಂತು. ಬರೆದವರು ಒಳ್ಳೆಯ ಮೇಷ್ಟ್ರು, ಕಷ್ಟಪಟ್ಟು ಬರೆದಿದ್ದರು. ಅವರು ಕೊಟ್ಟದ್ದು ಯೂನಿಕೋಡಿನಲ್ಲಿ. ನನ್ನ ಡಿಟಿಪಿ ನಡೆಯುವುದು ಹಳೆಯ ನುಡಿ ಅಕ್ಷರದಲ್ಲಿ. ಬದಲಿಸಿದೆ. ಮೈಕ್ರೋಗ್ರಾಂ ಎಂಬುದಕ್ಕೆ ವಿಜ್ಞಾನದವರು ಬರೆಯುವ ಗ್ರೀಕ್ 'ಮ್ಯೂ' ಚಿಹ್ನೆ ಇದೆಯಲ್ಲ, ಆ ಸಂಕೇತದ ಜಾಗದಲ್ಲಿ ಹಳೆಯ ನುಡಿಯಲ್ಲಿ ಕೂತಿರುವುದು ನಮ್ಮ ಷಕಾರ. ಪಕ್ಕದ ಇಂಗ್ಲಿಷ್ 'ಜಿ' ಇದ್ದಲ್ಲಿ ರಕಾರ. ಹೀಗಾಗಿ ಅಯೋಡಿನ್ ಸಾಲಿನಲ್ಲಿ 150 ಆದ ಮೇಲೆ ತಲೆಕಟ್ಟಿಲ್ಲದ ಒಂದು ಷ, ಒಂದು ರ ನಿಂತಿದ್ದವು. ರಾತ್ರಿ ಹನ್ನೊಂದು ಗಂಟೆ. ಬೆಳಿಗ್ಗೆ ಪ್ಲೇಟಿಗೆ ಹೋಗಬೇಕು. ಮೇಲಿನ ಸಾಲು ನೋಡಿದೆ, ಮಿ.ಗ್ರಾಂ. ಎಂದಿತ್ತು. ಕೆಳಗಿನ ಸಾಲೂ ಅದೇ. ಇದೂ ಅದೇ ಇರಬೇಕು ಎಂದುಕೊಂಡು ಮಿ.ಗ್ರಾಂ. ಎಂದೇ ಕುಟ್ಟಿದೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಒಂದೇ ಕ್ಷಣದಲ್ಲಿ ನಾನು ಸಾವಿರ ಪಟ್ಟು ತಪ್ಪು ಮಾಡಿದ್ದೆ. ಮೇಷ್ಟ್ರಿಗೂ ಕೊನೆಯ ಪ್ರೂಫು ನೋಡಲು ಪುರಸೊತ್ತಾಗಲಿಲ್ಲ.

ಕೆಲವು ತಿಂಗಳ ನಂತರ ಒಬ್ಬಳು ಹುಡುಗಿ ಪ್ರೆಸ್ಸಿಗೆ ಬಂದಳು. ಒಂದು ಕೈಯಲ್ಲಿ ಆ ಪುಸ್ತಕ, ಇನ್ನೊಂದು ಕೈಯಲ್ಲಿ ಉಪ್ಪಿನ ಖಾಲಿ ಪ್ಯಾಕೆಟ್ಟು.

"ಸರ್, ಇದು ನಿಮ್ಮ ಪ್ರೆಸ್ಸಲ್ಲೇ ಆದ ಪುಸ್ತಕ ಅಲ್ದಾ?"

"ಹೌದೇ ತಂಗಿ, ಎಂತಾ ಆಯ್ತು?"

"ಇದ್ರಲ್ಲಿ ದಿನಕ್ಕೆ 150 ಮಿಲಿಗ್ರಾಂ ಅಯೋಡಿನ್ ಬೇಕು ಅಂತ ಬರ್ದಿದೆ. ಉಪ್ಪಿನ ಪ್ಯಾಕೆಟ್ಟಿನ ಲೆಕ್ಕದಲ್ಲಿ ಒಂದು ಕಿಲೋ ಉಪ್ಪಿಗೆ 15 ಮಿಲಿಗ್ರಾಂ ಇರ್ತದೆ. ಹಂಗಾರೆ ನಾನು ದಿನಾ ಹತ್ತು ಕಿಲೋ ಉಪ್ಪು ತಿನ್ಬೇಕಾ?"

ಕುಮಟಾ ತಾಲೂಕಿನ ಸಾಣಿಕಟ್ಟಾದ ಉಪ್ಪಿನಾಗರ ಕಂಡವನು ನಾನು. ಬಿಸಿಲಿಗೆ ಹೊಳೆಯುವ ಉಪ್ಪಿನ ರಾಶಿ ನೋಡುತ್ತಲೇ ದೊಡ್ಡವನಾದವನು. ಆ ದಿನ ಆ ರಾಶಿಯೆಲ್ಲ ನನ್ನ ತಲೆಯ ಮೇಲೆ ಬಿದ್ದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 150 ಮೈಕ್ರೋಗ್ರಾಂ. ದಿನಕ್ಕೆ ಐದು ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡ ಎನ್ನುವುದೂ ಅದೇ ಸಂಸ್ಥೆ. ತಪ್ಪು-ಒಪ್ಪು ಪಟ್ಟಿಯ ಚೀಟಿ ಅಚ್ಚು ಹಾಕಿ, ಸಿಕ್ಕಷ್ಟು ಪ್ರತಿಗಳಿಗೆ ಅಂಟಿಸಿ ಬಂದೆ. ಸಿಗದ ಪ್ರತಿಗಳು? ಅವು ಇವತ್ತಿಗೂ ಯಾರದೋ ಚೀಲದಲ್ಲಿವೆ.

ಆ ಹುಡುಗಿಗೆ ಯಾವ ವಿಶೇಷ ವಿದ್ಯೆಯೂ ಇರಲಿಲ್ಲ, ಗೆಳೆಯರೇ. ಅವಳು ಪುಸ್ತಕವನ್ನು ನಂಬುವ ಮೊದಲು ಒಮ್ಮೆ ಗುಣಾಕಾರ ಮಾಡಿದಳು, ಅಷ್ಟೇ. ನಾನು ಪಿಯುಸಿ ದಾಟದವನು. ನನಗೂ ಗೊತ್ತಾಗುವಂಥದ್ದು ಅದು. ಆದರೆ ಕನ್ನಡದ ಪುಸ್ತಕ ಎಂಬ ಅಭಿಮಾನದಲ್ಲಿ ನಾನು ಲೆಕ್ಕ ಮಾಡುವುದನ್ನೇ ಮರೆತಿದ್ದೆ. ಇದನ್ನೇ ಈ ಸಲದ ಮಾತಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಪುಸ್ತಕ ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದಕ್ಕೆ ಹಾರ ಹಾಕಬೇಡಿ. ಕೆಟ್ಟ ಕನ್ನಡ ಪಠ್ಯಪುಸ್ತಕ ಇಂಗ್ಲಿಷಿನ ದೊಡ್ಡ ದಲ್ಲಾಳಿ. ಅದನ್ನು ಓದಿದ ಹುಡುಗ "ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ" ಎಂದು ತೀರ್ಮಾನಿಸುತ್ತಾನೆ. ಆ ತೀರ್ಮಾನ ಬರೆಸಿದವರು ಯಾರು? ನಾವೇ ಅಲ್ಲವೆ?

ಇದು ಬರೀ ಭಾಷೆಯ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲಿ ಸುಮಾರು 48. ಅಂದರೆ ಪೋಷಣೆಯ ಪಾಠ ಕೇಳುತ್ತಾ ಬೆಂಚಿನಲ್ಲಿ ಕೂತ ಹುಡುಗಿಯರಲ್ಲಿ ಹೆಚ್ಚು ಕಡಿಮೆ ಅರ್ಧ ಮಂದಿಗೆ ಆ ಪಾಠ ತಮ್ಮ ಮೈಯದೇ ಸುದ್ದಿ. ಇತಿಹಾಸದ ಪುಸ್ತಕದಲ್ಲಿ ಇಸವಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ?

ಹಾಗಾದರೆ ಇಂಥ ಪುಸ್ತಕವನ್ನು ಪರೀಕ್ಷೆ ಮಾಡುವುದು ಹೇಗೆ? ಕಾಗದ ಮುಟ್ಟಿ ನೋಡುವುದು ನನ್ನ ಕಸುಬು. ಒಳಗನ್ನು ನೋಡುವುದು ನಿಮ್ಮ ಕೆಲಸ. ಅದಕ್ಕೆ ಡಾಕ್ಟರಾಗಬೇಕಿಲ್ಲ. ಆ ಹುಡುಗಿ ಹೋದ ಮೇಲೆ ನಾನು ಕಲಿತುಕೊಂಡ ಐದು ಪರೀಕ್ಷೆಗಳನ್ನು ಹೇಳುತ್ತೇನೆ.

ಮೊದಲನೆಯದು, ಪುಸ್ತಕದ ನಿಜವಾದ ವಯಸ್ಸು. ಮುಖಪುಟದಲ್ಲಿ 'ಪರಿಷ್ಕೃತ ಆವೃತ್ತಿ' ಎಂದು ದಪ್ಪಕ್ಷರದಲ್ಲಿ ಹಾಕಿಕೊಡುವುದು ನಮ್ಮಂಥ ಪ್ರೆಸ್ಸಿನವರಿಗೆ ಐದು ನಿಮಿಷದ ಕೆಲಸ, ಅದನ್ನು ನಂಬಬೇಡಿ. ದೊಡ್ಡವರಿಗೆ ದಿನಕ್ಕೆ ಎಷ್ಟು ಕ್ಯಾಲ್ಸಿಯಂ ಬೇಕು ಎಂಬ ಸಾಲು ತೆಗೆಯಿರಿ. 400 ಮಿಲಿಗ್ರಾಂ ಎಂದಿದ್ದರೆ ಅದು 1990ರ ಆಸುಪಾಸಿನ ಲೆಕ್ಕ. 600 ಎಂದಿದ್ದರೆ 2010ರದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಸಂಖ್ಯೆ 1000. ಹೆಣ್ಣುಮಕ್ಕಳ ಕಬ್ಬಿಣದ ಸಾಲನ್ನೂ ಹೀಗೆಯೇ ನೋಡಿ. 2010ರಲ್ಲಿ 21 ಮಿಲಿಗ್ರಾಂ ಇದ್ದದ್ದು 2020ರಲ್ಲಿ 29 ಆಯಿತು. ವಿಜ್ಞಾನ ಬೆಳೆದ ಹಾಗೆ ಸಂಖ್ಯೆ ಬದಲಾಗುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ಹಳೆಯ ಸಂಖ್ಯೆ ಹಾಕಿದ್ದನ್ನೂ ಕ್ಷಮಿಸೋಣ. ಆದರೆ ಇದು ಯಾರ ಲೆಕ್ಕ, ಯಾವ ವರ್ಷದ್ದು ಎಂದು ಪಟ್ಟಿಯ ಕೆಳಗೆ ಒಂದು ಸಾಲು ಬರೆಯದವನನ್ನು ಕ್ಷಮಿಸಬಾರದು. ಮೂರು ಸಾಲು ಮೂರು ಬೇರೆ ಬೇರೆ ವರ್ಷದ್ದಾಗಿದ್ದರೆ ಆ ಪುಸ್ತಕ ಬರೆದದ್ದಲ್ಲ, ಅಲ್ಲಿಂದ ಇಲ್ಲಿಂದ ಕತ್ತರಿಸಿ ಅಂಟಿಸಿದ್ದು.

ಎರಡನೆಯದು, ಲೆಕ್ಕ. ಒಂದು ಗ್ರಾಂ ಪ್ರೋಟೀನಿಗೆ 4 ಕಿಲೋಕ್ಯಾಲೊರಿ, ಪಿಷ್ಟ-ಸಕ್ಕರೆಗೆ 4, ಕೊಬ್ಬಿಗೆ 9. ಇದನ್ನು ಎಲ್ಲ ಪುಸ್ತಕವೂ ಮೊದಲ ಅಧ್ಯಾಯದಲ್ಲೇ ಹೇಳುತ್ತದೆ. ಆಮೇಲೆ ಪಟ್ಟಿಯಲ್ಲಿ ತಾನೇ ಪಾಲಿಸುತ್ತದೆಯೆ? ನೋಡಿ. ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 100 ಗ್ರಾಂ ಬಿಳಿ ಬೆಳ್ತಿಗೆ ಅಕ್ಕಿಗೆ ಪ್ರೋಟೀನು 6.8, ಕೊಬ್ಬು 0.5, ಪಿಷ್ಟ 78.2 ಗ್ರಾಂ. ಗುಣಿಸಿ ಕೂಡಿಸಿ. 344.5 ಬರುತ್ತದೆ. ಪಟ್ಟಿಯಲ್ಲಿ ಇರುವುದು 345. ಸರಿ. ನಿಮ್ಮ ಪುಸ್ತಕದ ಹತ್ತು ಸಾಲುಗಳನ್ನು ಹೀಗೆ ಕೂಡಿಸಿ ನೋಡಿ. ನಾಲ್ಕೈದು ಅಂಕಿ ಆಚೀಚೆ ಆದರೆ ಬಿಡಿ, ನಾರಿನ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿಯುತ್ತಾರೆ. ನೂರು ಆಚೀಚೆ ಆದರೆ ಪೆನ್ನು ತೆಗೆಯಿರಿ. ಮಿಲಿ ಎಲ್ಲಿ, ಮೈಕ್ರೋ ಎಲ್ಲಿ ಎಂದೂ ನೋಡಿ. ನನ್ನ ಪಾಪ ನೆನಪಿರಲಿ.

ಇಲ್ಲೊಂದು ಮಾತು. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಹೇರಳ ಎಂಬ ನಂಬಿಕೆ ಬಂದದ್ದೇ ದಶಾಂಶದ ಚುಕ್ಕಿ ತಪ್ಪಿ ಬಿದ್ದದ್ದರಿಂದ ಎಂಬ ಕಥೆಯನ್ನು ನೀವು ಕೇಳಿರಬಹುದು. ಎಷ್ಟೋ ಪುಸ್ತಕಗಳಲ್ಲಿ ಅದು ಇದೆ. 1981ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹ್ಯಾಂಬ್ಲಿನ್ ಎಂಬವರು ಬರೆದ ಮೇಲೆ ಅದು ಲೋಕವೆಲ್ಲ ಹಬ್ಬಿತು. 2010ರಲ್ಲಿ ಮೈಕ್ ಸಟನ್ ಎಂಬವರು ಮೂಲ ಹುಡುಕಿಕೊಂಡು ಹೋದರೆ ಚುಕ್ಕಿ ತಪ್ಪಿದ್ದಕ್ಕೆ ಆಧಾರವೇ ಸಿಗಲಿಲ್ಲ! ತಪ್ಪನ್ನು ತಿದ್ದುವ ಕಥೆಯೇ ತಪ್ಪು. ಅಚ್ಚಿನವರ ತಲೆಗೆ ಸುಮ್ಮನೆ ಕಟ್ಟಿದ ಪಾಪ ಅದು. ಒಬ್ಬ ಪ್ರೆಸ್ಸಿನವನಾಗಿ ನನಗೆ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ಆದರೆ ಪಾಠ ದೊಡ್ಡದು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದು, ಅದನ್ನು ಮತ್ತೊಬ್ಬರು ನೋಡಿ ಬರೆದರೆ ಸುಳ್ಳು ಹತ್ತು ಪುಸ್ತಕದಲ್ಲಿದೆ ಎಂಬ ಕಾರಣಕ್ಕೇ ನಿಜವಾಗುತ್ತದೆ.

ಮೂರನೆಯದು, 'ಯಾಕೆ' ಎಂಬ ಪ್ರಶ್ನೆ. ಕೆಟ್ಟ ಪುಸ್ತಕ ಪಟ್ಟಿ ಕೊಡುತ್ತದೆ, ಒಳ್ಳೆಯದು ಕಾರಣ ಹೇಳುತ್ತದೆ. "ಸೊಪ್ಪಿನಲ್ಲಿ ಕಬ್ಬಿಣವಿದೆ, ಸೊಪ್ಪು ತಿನ್ನಿ" ಎನ್ನುವುದು ಪಟ್ಟಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೀನು, ಮಾಂಸದಲ್ಲಿರುವ ಒಂದು ಬಗೆಯ ಕಬ್ಬಿಣ ಬೇಗ ಹತ್ತುತ್ತದೆ. ಸೊಪ್ಪಿನ ಜೊತೆ ಲಿಂಬೆ ಹುಳಿಯೋ ನೆಲ್ಲಿಕಾಯಿಯೋ ಇದ್ದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಎಳೆದುಕೊಡುತ್ತದೆ. ಊಟದ ಜೊತೆಗೇ ಚಾ ಕುಡಿದರೆ ಆ ಚಾ ಅದನ್ನು ತಡೆಯುತ್ತದೆ. ಇಷ್ಟು ಹೇಳಿದರೆ ಅದು ಪಾಠ. ಕಬ್ಬಿಣದ ಅಧ್ಯಾಯದಲ್ಲಿ ಚಾದ ಸುದ್ದಿ ಇಲ್ಲದ ಪುಸ್ತಕ, ಊಟ ಮುಗಿಯುವ ಮೊದಲೇ ಚಾ ಕೇಳುವ ನಮ್ಮಂಥವರಿಗೆ ಯಾವ ಉಪಕಾರ ಮಾಡೀತು?

ನಾಲ್ಕನೆಯದು, ನಮ್ಮ ತಟ್ಟೆ. ಇದು ಬಹಳ ಮುಖ್ಯ. ನಿಮ್ಮಲ್ಲಿ ಎಷ್ಟೋ ಮಂದಿ ಭಟ್ಕಳ, ಹೊನ್ನಾವರ, ಕುಮಟಾದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರು ಸೇರಿದವರು. ನೀವು ಬಿಟ್ಟು ಬಂದ ತಟ್ಟೆಯಲ್ಲಿ ಏನಿತ್ತು ನೆನೆಸಿಕೊಳ್ಳಿ. ಕುಚ್ಚಲಕ್ಕಿ ಗಂಜಿ, ಬಂಗಡೆ ಸಾರು, ತಾರ್ಲೆ, ಶೆಟ್ಲಿ, ಅಘನಾಶಿನಿಯ ಬಳಚು. ಇನ್ನೊಂದು ಮನೆಯಲ್ಲಿ ಒಂದೆಲಗದ ತಂಬುಳಿ, ಹರಿವೆ ಸೊಪ್ಪು, ಬಸಳೆ, ಕೆಸುವಿನ ಪತ್ರೊಡೆ. ಭಟ್ಕಳದ ನವಾಯತರ ಮನೆಯ ಅಡಿಗೆಯ ರುಚಿಯೇ ಬೇರೆ. ಈಗ ನಿಮ್ಮ ಪುಸ್ತಕ ತೆಗೆಯಿರಿ. ಅಲ್ಲಿ ಏನಿದೆ? ಓಟ್ಸು, ಬ್ರೊಕೊಲಿ, ಸಾಲ್ಮನ್ ಮೀನು, ಸ್ಟ್ರಾಬೆರಿ! ಹೊನ್ನಾವರದ ಮೀನುಪೇಟೆಯಲ್ಲಿ ಸಾಲ್ಮನ್ ಕೇಳಿದರೆ ಮೀನು ಮಾರುವ ಅಕ್ಕ ನಗುತ್ತಾಳೆ. ಅವಳ ಬುಟ್ಟಿಯ ತಾರ್ಲೆಯಲ್ಲೂ ಸಾಲ್ಮನ್ನಿಗೆ ಹೆಸರು ತಂದ ಅದೇ ಒಮೆಗಾ-3 ಕೊಬ್ಬು ಧಾರಾಳವಾಗಿದೆ. ಇದನ್ನು ನಮ್ಮ ಹುಡುಗರಿಗೆ ಹೇಳಬೇಕಾದ್ದು ಯಾರು?

ಕುಚ್ಚಲಕ್ಕಿಯ ಮಾತು ತೆಗೆದುಕೊಳ್ಳಿ. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯ 1890ರ ದಶಕದಲ್ಲಿ ನೋಡಿದ. ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುತ್ತಿದ್ದವು, ತೌಡಿರುವ ಅಕ್ಕಿ ತಿಂದವು ಚೇತರಿಸಿಕೊಳ್ಳುತ್ತಿದ್ದವು. ಬೆರಿಬೆರಿ ರೋಗದ ಗುಟ್ಟು, ಅಂದರೆ ಬಿ1 ಜೀವಸತ್ವದ ದಾರಿ, ತೆರೆದದ್ದು ಹೀಗೆ. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡಿದರೆ ತೌಡಿನ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ, ಮಿಲ್ಲಿನಲ್ಲಿ ತೌಡು ಹೋದರೂ ಅದರ ಒಂದು ಪಾಲು ಉಳಿಯುತ್ತದೆ. ನಮ್ಮ ಅಜ್ಜಿಯರು ಮಾಡುತ್ತಿದ್ದ ಕುಚ್ಚಲಕ್ಕಿ ಅದೇ ಅಲ್ಲವೆ? ಹೈದರಾಬಾದಿನ ಪೋಷಣಾ ಸಂಸ್ಥೆ ಹುಟ್ಟಿದ್ದೂ 1918ರಲ್ಲಿ ಕೂನೂರಿನಲ್ಲಿ, ಬೆರಿಬೆರಿಯ ವಿಚಾರಣೆಗಾಗಿಯೇ. ಕರಾವಳಿಯ ಮಕ್ಕಳಿಗೆ ಬಿ1 ಕಲಿಸುವ ಪುಸ್ತಕದಲ್ಲಿ ಕುಚ್ಚಲಕ್ಕಿಯ ಹೆಸರು ಇಲ್ಲದಿದ್ದರೆ ಆ ಲೇಖಕ ಯಾರಿಗಾಗಿ ಬರೆದ? ಗಂಜಿಯ ತಿಳಿ ಬಸಿದು ಚೆಲ್ಲಿದರೆ ಆ ಜೀವಸತ್ವ ನೀರಿನ ಜೊತೆ ಹೋಗುತ್ತದೆ ಎಂದೂ ಅವನು ಹೇಳಬೇಕು. ಅಜ್ಜಿಯನ್ನು ಹೊಗಳಿದರೆ ಸಾಲದು, ಅಜ್ಜಿ ತಪ್ಪಿದ ಕಡೆ ತಿದ್ದಲೂಬೇಕು.

ತಟ್ಟೆಯ ಮಾತಿನಲ್ಲೇ ಇನ್ನೊಂದು. ನಮ್ಮ ಈ ಮೂರು ಊರುಗಳಲ್ಲಿ ಮೀನು ತಿನ್ನುವವರೂ ತಿನ್ನದವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪುಸ್ತಕ ಯಾರನ್ನೂ ಕೀಳಾಗಿ ಕಾಣಬಾರದು. ಮೀನು, ಮೊಟ್ಟೆಯನ್ನು 'ತಾಮಸ' ಎಂದು ಒಂದು ಸಾಲಿನಲ್ಲಿ ತಳ್ಳುವ ಪುಸ್ತಕ ಪೋಷಣೆಯ ಪುಸ್ತಕವಲ್ಲ. 2022ರಲ್ಲಿ ನಮ್ಮ ರಾಜ್ಯದ ಶಿಕ್ಷಣ ನೀತಿಗೆಂದು ಬರೆದ ವರದಿಯೊಂದು ಶಾಲೆಯ ಊಟದ ಮೊಟ್ಟೆಯ ವಿರುದ್ಧ ಮಾತಾಡಿ ಗದ್ದಲವಾದದ್ದು ನೆನಪಿದೆಯಲ್ಲ? ಹಾಗೆಯೇ, ಮೀನು ತಿನ್ನದ ಹುಡುಗಿಗೆ ಬಿ12 ಎಲ್ಲಿಂದ ಬರಬೇಕು ಎಂದು ಹೇಳದ ಪುಸ್ತಕವೂ ಮೋಸದ್ದೇ. ಬಿ12 ನೆಚ್ಚಿಕೊಳ್ಳುವಷ್ಟು ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ, ಆದ್ದರಿಂದ ಅಂಥ ಮನೆಯಲ್ಲಿ ಹಾಲು ಮೊಸರು ಎಷ್ಟು ಮುಖ್ಯ ಎಂದು ನೇರವಾಗಿ ಬರೆಯಬೇಕು. ಇಬ್ಬರಿಗೂ ನಿಜ ಹೇಳುವುದೇ ಇಬ್ಬರಿಗೂ ಕೊಡುವ ಮರ್ಯಾದೆ.

ಐದನೆಯದು, ಭಾಷೆ. ಇಲ್ಲಿ ನಾವು ಯಾರಿಗೂ ರಿಯಾಯಿತಿ ಕೊಡಬಾರದು. ಒಂದೇ ಪುಸ್ತಕದಲ್ಲಿ ಹತ್ತನೇ ಪುಟದಲ್ಲಿ 'ಪ್ರೋಟೀನು', ಹನ್ನೆರಡರಲ್ಲಿ 'ಸಸಾರಜನಕ', ಇಪ್ಪತ್ತರಲ್ಲಿ 'ಪೌಷ್ಟಿಕಾಂಶ' ಎಂದು ಬರೆದರೆ ಓದುವ ಹುಡುಗ ಮೂರು ಬೇರೆ ಪದಾರ್ಥ ಎಂದುಕೊಳ್ಳುತ್ತಾನೆ. ಮೂರನೆಯದಂತೂ ಪೂರ್ತಿ ತಪ್ಪು, ಪೌಷ್ಟಿಕಾಂಶಗಳಲ್ಲಿ ಪ್ರೋಟೀನು ಒಂದು ಮಾತ್ರ. ಹಳಬರು 'ಅನ್ನಾಂಗ' ಎಂದರು, ಆಮೇಲಿನವರು 'ಜೀವಸತ್ವ' ಎಂದರು, ಜನ 'ವಿಟಮಿನ್' ಎನ್ನುತ್ತಾರೆ. ಯಾವುದಾದರೂ ಇರಲಿ, ಮೊದಲ ಸಲ ಬಂದಾಗ ಮೂರನ್ನೂ ಹೇಳಿ, ಆಮೇಲೆ ಒಂದನ್ನೇ ಹಿಡಿದು ಕೊನೆಯವರೆಗೆ ಹೋಗಬೇಕು. ಇನ್ನು ವಾಕ್ಯ. "ಪ್ರೋಟೀನಿನ ಕೊರತೆಯು ಪ್ರೋಟೀನಿನ ಅಭಾವದಿಂದ ಉಂಟಾಗುವ ಸ್ಥಿತಿಯಾಗಿರುತ್ತದೆ" ಎಂಬಂಥ ವಾಕ್ಯ ಕಂಡರೆ ಪುಸ್ತಕ ಮುಚ್ಚಿ. ಅದು ಕನ್ನಡದ ಅಕ್ಷರ ಹೊದ್ದ ಗಾಳಿ. ಈಚೆಗೆ ಇನ್ನೊಂದು ಪಿಡುಗು ಬಂದಿದೆ. ಇಂಗ್ಲಿಷ್ ಪಾಠವನ್ನು ಕಂಪ್ಯೂಟರಿನ ಅನುವಾದ ಯಂತ್ರಕ್ಕೆ ಹಾಕಿ ತೆಗೆದು ಹಾಗೆಯೇ ಪ್ರೆಸ್ಸಿಗೆ ಕೊಡುತ್ತಾರೆ. ರಾಜ್ಮಾ ಕಾಳು 'ಮೂತ್ರಪಿಂಡದ ಹುರುಳಿ' ಆಗಿದ್ದನ್ನು ನಾನೇ ಪ್ರೂಫಿನಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಪದಗಳ ಸೂಚಿ ಇದೆಯೆ ನೋಡಿ. ಸೂಚಿ ಇಲ್ಲದ ಪಠ್ಯಪುಸ್ತಕ ಬೋರ್ಡಿಲ್ಲದ ಬಸ್ಸು. ಕೈ ಅಡ್ಡ ಹಿಡಿದು, ಎಲ್ಲಿಗೆ ಹೋಗುತ್ತದೆ ಎಂದು ಪ್ರತಿ ಸಲವೂ ಕೇಳಬೇಕು.

"ಇಷ್ಟೆಲ್ಲ ಕೇಳಿದರೆ ಕನ್ನಡದಲ್ಲಿ ಬರೆಯುವವರೇ ಇರುವುದಿಲ್ಲ" ಎಂದು ಒಬ್ಬ ಹಿರಿಯರು ನನಗೆ ಹೇಳಿದರು. ಹೌದೆ? ನಮ್ಮ ಕರಾವಳಿಯ ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದ ನಾಡು ಇದು. 1980ರಲ್ಲಿ ಶುರುವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲ ವಿಜ್ಞಾನ'ವನ್ನು ಮಕ್ಕಳ ಕೈಗೆ ಕೊಟ್ಟ ನಾಡು. ಆಹಾರದ ವಿಷಯಕ್ಕೆ ಬಂದರೆ 1950ರಿಂದ ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ ಇದೆ. ಅಲ್ಲಿ ದುಡಿದ ಎಂ. ಸ್ವಾಮಿನಾಥನ್ ಅವರು ಬರೆದ ಆಹಾರ-ಪೋಷಣೆಯ ಪಠ್ಯಗಳು ಬೆಂಗಳೂರಿನಲ್ಲೇ ಅಚ್ಚಾಗಿ, ದೇಶದ ಮಕ್ಕಳೆಲ್ಲ ಅವನ್ನು ಓದಿದರು. ಇಂಗ್ಲಿಷಿನಲ್ಲಿ! ವಿದ್ವಾಂಸರು ನಮ್ಮ ಊರಲ್ಲಿ, ಪ್ರಯೋಗಶಾಲೆ ನಮ್ಮ ಊರಲ್ಲಿ, ಅಚ್ಚುಕೂಟ ನಮ್ಮ ಊರಲ್ಲಿ. ಪುಸ್ತಕ ಮಾತ್ರ ನಮ್ಮ ಭಾಷೆಯಲ್ಲಿ ಇಲ್ಲ. ಇದಕ್ಕೆ ಯಾವ ದಿಲ್ಲಿಯನ್ನು ಬೈಯುತ್ತೀರಿ?

ಸಮುದ್ರದಾಚೆ ಒಂದು ಉದಾಹರಣೆ ನೋಡಿ. ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳು ನಮ್ಮ ಹಾಗೆಯೇ ಮೀನು, ತೆಂಗು, ಗಡ್ಡೆಗೆಣಸಿನ ನಾಡು. ಅಲ್ಲಿನ ವಿಶ್ವವಿದ್ಯಾಲಯದ ಪೋಷಣಾ ವಿಭಾಗದವರು ದುಬಾರಿ ಪುಸ್ತಕಗಳಿಗೆ ಕಾಯದೆ ತಮ್ಮ ಮೊದಲ ವರ್ಷದ ಮಕ್ಕಳಿಗಾಗಿ ತಾವೇ ಒಂದು ಪಠ್ಯ ಬರೆದರು. 2018ರಲ್ಲಿ ಮೊದಲ ಆವೃತ್ತಿ, 2020ರಲ್ಲಿ ಎರಡನೆಯದು. ಅದು ಇರುವುದು ಇಂಗ್ಲಿಷಿನಲ್ಲೇ. ಆದರೆ ಅಧ್ಯಾಯ ಶುರುವಾಗುವುದು ಹವಾಯಿ ಭಾಷೆಯ ಗಾದೆಯಿಂದ. ಉದಾಹರಣೆಗಳಲ್ಲಿ ಅವರ ದ್ವೀಪದ ಊಟ ಇದೆ, ಅವರು ಜಜ್ಜಿ ತಿನ್ನುವ 'ಕಲೋ' ಗಡ್ಡೆ ಇದೆ. ಆ ಕಲೋ ಯಾವುದು ಗೊತ್ತೆ? ನಮ್ಮ ಕೆಸು! ನಾವು ಎಲೆಗೆ ಹಿಟ್ಟು ಬಳಿದು ಪತ್ರೊಡೆ ಮಾಡುವ ಅದೇ ಕೆಸು. ಹಸಿ ಕೆಸು ಬಾಯಿ ತುರಿಸುವುದು ಅದರೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ, ಅದಕ್ಕೇ ನಮ್ಮ ಅಮ್ಮಂದಿರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಅವರ ಕೆಸು ವಿಶ್ವವಿದ್ಯಾಲಯದ ಪಠ್ಯದಲ್ಲಿದೆ. ನಮ್ಮದು ಗದ್ದೆಯ ಬದುವಿನಲ್ಲಿ ನಿಂತಿದೆ. ಆ ಪುಸ್ತಕಕ್ಕೆ ಕಾಸು ಕೊಡಬೇಕಿಲ್ಲ. ಬರೆದವರ ಹೆಸರು ಹೇಳಿ ಯಾರು ಬೇಕಾದರೂ ತಿದ್ದಿ, ಅನುವಾದಿಸಿ ಬಳಸಬಹುದು ಎಂದು ಅವರೇ ಅನುಮತಿ ಕೊಟ್ಟಿದ್ದಾರೆ. ಕದಿಯುವ ಅಗತ್ಯವೂ ಇಲ್ಲ, ಕಣ್ಣು ಮುಚ್ಚಿ ನಕಲು ಮಾಡುವ ಅಗತ್ಯವೂ ಇಲ್ಲ. ಅವರ ದಾರಿ ಹಿಡಿದು ನಮ್ಮ ತಟ್ಟೆ ಬರೆದುಕೊಳ್ಳಬೇಕು, ಅಷ್ಟೇ.

ಬೇಕಾದ ಸಾಮಗ್ರಿಯೂ ಇದೆ. 2017ರಲ್ಲಿ ಪೋಷಣಾ ಸಂಸ್ಥೆ 528 ಆಹಾರ ಪದಾರ್ಥಗಳ ಹೊಸ ಪಟ್ಟಿ ಪ್ರಕಟಿಸಿದೆ. ಪದಾರ್ಥಗಳ ಕನ್ನಡ ಹೆಸರುಗಳೂ ಅದರಲ್ಲಿವೆ. 2024ರಲ್ಲಿ ಭಾರತೀಯರ ಊಟದ ಹೊಸ ಮಾರ್ಗಸೂಚಿಯನ್ನೂ ಅದು ಕೊಟ್ಟಿದೆ. ನಮ್ಮ ಅಘನಾಶಿನಿಯ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಅಳಿವೆಯ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತ, ಅಲ್ಲಿ ಹೆಕ್ಕುವ ಬಳಚು, ಕುಮಟಾದ ಸಿಹಿ ಈರುಳ್ಳಿ, ಇವೆಲ್ಲ ಒಂದೊಂದು ಪಾಠವಾಗಬಲ್ಲವು. ಬರೆಯಲು ಕೂರುವ ಮೇಷ್ಟ್ರುಗಳು ಬೇಕು. ಕೂರಿಸುವ ವಿಶ್ವವಿದ್ಯಾಲಯ ಬೇಕು. ಬರೆದದ್ದನ್ನು ಇನ್ನೊಬ್ಬ ತಿಳಿದವರಿಗೆ ತೋರಿಸದೆ ಅಚ್ಚಿಗೆ ಕಳಿಸುವುದಿಲ್ಲ ಎಂಬ ಹಠ ಬೇಕು.

ಆ ಹಠ ಹುಟ್ಟಿಸಬೇಕಾದವರು ನೀವು. ನಾಮಫಲಕದಲ್ಲಿ ಕನ್ನಡ ಇಲ್ಲ ಎಂದು ಬೀದಿಗಿಳಿಯುವ ನಾವು, ಕನ್ನಡ ಪುಸ್ತಕದೊಳಗೆ ಸುಳ್ಳು ಇದೆ ಎಂದು ಒಂದು ದಿನವಾದರೂ ಬೀದಿಗೆ ಇಳಿದಿದ್ದೇವೆಯೆ? ಬೋರ್ಡಿನ ತಪ್ಪು ಕಣ್ಣಿಗೆ ಕಾಣುತ್ತದೆ, ಪುಸ್ತಕದ ತಪ್ಪು ಹೊಟ್ಟೆಗೆ ಇಳಿದ ಮೇಲೆ ಕಾಣುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ನೀವು ಬೆಂಗಳೂರು, ಮೈಸೂರಿನಲ್ಲಿದ್ದರೆ ನಿಮ್ಮದು ಬೇರೆ ವಿಶ್ವವಿದ್ಯಾಲಯ. ಯಾವುದೇ ಆಗಲಿ, ಪ್ರತಿಯೊಂದು ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಅದರ ಅಧ್ಯಕ್ಷರಿಗೆ ಬರೆಯಿರಿ. ಬೈಗುಳ ಬೇಡ. ಪುಟ ಸಂಖ್ಯೆ, ಸಾಲು, ತಪ್ಪು, ಸರಿ, ಸರಿ ಎಂಬುದಕ್ಕೆ ಆಧಾರ, ಈ ಐದು ಕಲಮುಗಳ ಪಟ್ಟಿ ಮಾಡಿ ಕಳಿಸಿ. ಒಬ್ಬ ಕಳಿಸಿದರೆ ಕಡತಕ್ಕೆ ಹೋಗುತ್ತದೆ. ಇನ್ನೂರು ಮಂದಿ ಕಳಿಸಿದರೆ ಸಭೆಗೆ ಬರುತ್ತದೆ. ಪುಸ್ತಕ ಒಳ್ಳೆಯದಿದ್ದರೆ ಅದನ್ನೂ ಬರೆಯಿರಿ. ಒಳ್ಳೆಯ ಕನ್ನಡ ಪಠ್ಯ ಬರೆದ ಮೇಷ್ಟ್ರಿಗೆ ಒಂದು ಪತ್ರವೂ ಬರದ ನಾಡಿನಲ್ಲಿ ಎರಡನೆಯ ಪುಸ್ತಕ ಯಾಕೆ ಹುಟ್ಟಬೇಕು?

ನನ್ನ ಪಾಲಿನದನ್ನು ಹೇಳಿ ಮುಗಿಸುತ್ತೇನೆ. ಆ ಹುಡುಗಿ ಬಂದು ಹೋದ ದಿನದಿಂದ ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮ. ಪಟ್ಟಿ ಇರುವ ಪುಟಕ್ಕೆ ಬರೆದವರ ಸಹಿ ಬೀಳದೆ ಪ್ಲೇಟು ಇಲ್ಲ, ರಾತ್ರಿ ಹನ್ನೊಂದಾಗಲಿ, ಬೆಳಗಿನ ಜಾವ ಮೂರಾಗಲಿ. ನೀವು ನಿಮ್ಮ ಕಾಲೇಜಿನ ಯಾವುದೇ ಕನ್ನಡ ವಿಜ್ಞಾನ ಪಠ್ಯದ ತಪ್ಪು-ಒಪ್ಪು ಪಟ್ಟಿಯನ್ನು ಆಧಾರ ಸಮೇತ ಮಾಡಿ, ನಿಮ್ಮ ಮೇಷ್ಟ್ರ ಕೈಯಲ್ಲಿ ಸರಿ ನೋಡಿಸಿ ಈ ಪತ್ರಿಕೆಗೆ ಕಳಿಸಿ. ಚೀಟಿಯನ್ನು ನಾನು ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ. ಕಾಗದವೂ ನನ್ನದೇ. ಅಂಟಿಸುವುದು ನಿಮ್ಮ ಕೆಲಸ.

ಮೊದಲ ಚೀಟಿ ನನ್ನ ಪುಸ್ತಕದ್ದೇ ಇರಲಿ. ಎಲ್ಲಾದರೂ ಹಣ್ಣಿನ ಬುಟ್ಟಿಯ ಮುಖಪುಟದ ಪೋಷಣೆಯ ಗೈಡು ಸಿಕ್ಕರೆ ಅಯೋಡಿನ್ ಸಾಲು ತೆಗೆದು ನೋಡಿ. ಮಿ.ಗ್ರಾಂ. ಎಂದಿದ್ದರೆ ಹೊಡೆದು ಹಾಕಿ, ಮೈಕ್ರೋಗ್ರಾಂ ಎಂದು ನಿಮ್ಮ ಕೈಯಾರೆ ಬರೆಯಿರಿ.